ಹಳೇ ಬಡಾವಣೆಯ ಕರೆಂಟ್ ತಂತಿ ನೆಲದಡಿಗೆ ಹೋಗುವುದು ಹೇಗೆ?

ಮಲ್ಲೇಶ್ವರ, ಬಸವನಗುಡಿ, ಚಾಮರಾಜಪೇಟೆ ಕಡೆ ಓಡಾಡುವವರಿಗೆ ಕೆಲವು ವರ್ಷಗಳಿಂದ ಈ ನೋಟ ಮಾಮೂಲಾಗಿದೆ. ಫುಟ್‌ಪಾತ್ ಪಕ್ಕ ಒಂದಾಳು ಇಳಿಯುವಷ್ಟು ಗುಂಡಿ, ಅದರ ಸುತ್ತ ಹರಿದ ಟೇಪು, ಗುಂಡಿಯ ಬಾಯಿಂದ ಹೊರಗೆ ಚಾಚಿದ ದಪ್ಪ ಪ್ಲಾಸ್ಟಿಕ್ ಪೈಪು, ಆಚೆ ಬದಿಯಲ್ಲಿ ದೊಡ್ಡ ಡ್ರಮ್ಮಿಗೆ ಸುತ್ತಿಟ್ಟ ಕೇಬಲ್. ಒಂದಷ್ಟು ದಿನ ಕಳೆದ ಮೇಲೆ ಗುಂಡಿ ಮುಚ್ಚುತ್ತದೆ, ಡ್ರಮ್ಮು ಮುಂದಿನ ರಸ್ತೆಗೆ ಹೋಗುತ್ತದೆ. ತಲೆ ಎತ್ತಿ ನೋಡಿದರೆ ಕಂಬವೂ ಇದೆ, ತಂತಿಯೂ ಇದೆ. ‘ಎಲ್ಲಾ ನೆಲದಡಿ ಹಾಕ್ತೀವಿ ಅಂದಿದ್ರಲ್ಲ?’ ಅಂತ ಜನ ಕೇಳುತ್ತಾರೆ.

ಕೇಳುವುದು ಸರಿಯೇ. ಉತ್ತರ ಬೇಕೆಂದರೆ ಮೊದಲು ಕಂಬದ ಮೇಲೆ ಏನೇನಿದೆ ಎಂದು ನೋಡಬೇಕು.

ಒಂದೇ ಕಂಬ, ನಾಲ್ಕು ಅಂತಸ್ತು

ಕಂಬದ ನೆತ್ತಿಯಲ್ಲಿ ಪಿಂಗಾಣಿ ಬಟ್ಟಲುಗಳ ಮೇಲೆ ಕೂತ ಮೂರು ತಂತಿಗಳು 11 ಕೆವಿ ಲೈನು, ಅಂದರೆ 11,000 ವೋಲ್ಟ್. ಇಲಾಖೆಯವರ ಬಾಯಲ್ಲಿ ಇದು ‘ಎಚ್‌ಟಿ’. ಸಬ್‌ಸ್ಟೇಷನ್‌ನಿಂದ ಹೊರಟು ಬಡಾವಣೆಯಿಂದ ಬಡಾವಣೆಗೆ ಹೋಗುವ ಈ ಲೈನಿಗೆ ಫೀಡರ್ ಎಂದು ಹೆಸರು. ಇದು ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್‌ಗೆ ಬಂದು ಇಳಿಯುತ್ತದೆ. ಊರೆಲ್ಲ ‘ಟಿಸಿ’ ಅನ್ನುವುದು ಅದನ್ನೇ. ಟಿಸಿ ವೋಲ್ಟೇಜನ್ನು ಇಳಿಸಿ ಕೆಳಗಿನ ಅಂತಸ್ತಿನ ‘ಎಲ್‌ಟಿ’ ತಂತಿಗಳಿಗೆ ಕೊಡುತ್ತದೆ. ಎರಡು ಫೇಸ್‌ಗಳ ನಡುವೆ 400 ವೋಲ್ಟ್ ಆಸುಪಾಸು, ಒಂದು ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ಆಸುಪಾಸು. ಮನೆಗೆ ಬರುವುದು ಈ 230. ಎಲ್‌ಟಿ ಕಂಬದಿಂದ ಮನೆಯ ಗೋಡೆಗೆ ಜೋತುಬಿದ್ದು ಬರುವುದು ಸರ್ವಿಸ್ ವೈರು. ಇವೆಲ್ಲದರ ಕೆಳಗೆ, ಕೈಗೆ ಸಿಗುವ ಎತ್ತರದಲ್ಲಿ, ಕೇಬಲ್ ಟಿವಿ ಮತ್ತು ಇಂಟರ್ನೆಟ್‌ನ ಕಪ್ಪು ಜಡೆ. ಕಣ್ಣಿಗೆ ಅತಿ ಹೆಚ್ಚು ಗಲೀಜಾಗಿ ಕಾಣುವುದು ಈ ಕೊನೆಯದೇ. ವಿಚಿತ್ರವೆಂದರೆ ಅದರಲ್ಲಿ ಹೆಚ್ಚಿನದಕ್ಕೂ ವಿದ್ಯುತ್ ಕಂಪನಿಗೂ ಸಂಬಂಧವಿಲ್ಲ.

ಬೆಂಗಳೂರಿನ ಯೋಜನೆ ಈ ನಾಲ್ಕನ್ನೂ ಒಂದೇ ರೀತಿ ಕಾಣುವುದಿಲ್ಲ. 2020ರ ಡಿಸೆಂಬರ್‌ನಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್ ಬೆಸ್ಕಾಂ ಕೆಲಸಕ್ಕೆಂದು 19 ಕೋಟಿ ಡಾಲರ್ ಸಾಲಕ್ಕೆ ಒಪ್ಪಿತು. ಸುಮಾರು 7,200 ಕಿ.ಮೀ. ವಿತರಣಾ ಲೈನನ್ನು ನೆಲದಡಿಗೆ ಇಳಿಸುವುದು, ಜೊತೆಗೆ 2,800 ಕಿ.ಮೀ. ಆಪ್ಟಿಕಲ್ ಫೈಬರ್ ಎಳೆಯುವುದು ಅದರ ಗುರಿ. ನಗರದಲ್ಲಿ ನಡೆದಿರುವ ಕೆಲಸದ ಮುಖ್ಯ ಭಾಗ ಹೀಗೆ: ನೆತ್ತಿಯ 11 ಕೆವಿ ನೆಲದಡಿಗೆ ಹೋಗುತ್ತದೆ, ಎಲ್‌ಟಿಯ ಬರಿ ತಂತಿ ತೆಗೆದು ಅದೇ ಕಂಬಕ್ಕೆ ‘ಎಬಿ ಕೇಬಲ್’ ಕಟ್ಟುತ್ತಾರೆ. ಎಬಿ ಕೇಬಲ್ ಎಂದರೆ ಮೇಲೆ ಹೊದಿಕೆ ಇರುವ ತಂತಿಗಳನ್ನು ಹಗ್ಗದ ಹಾಗೆ ಹೊಸೆದದ್ದು. ಕೊಂಬೆ ತಾಗಿದರೆ ಕಿಡಿ ಹಾರುವುದಿಲ್ಲ, ಕೊಕ್ಕೆ ಹಾಕಿ ಕರೆಂಟ್ ಕದಿಯುವುದೂ ಕಷ್ಟ.

ಕಂಬ ಉಳಿಯುವುದು ಅದಕ್ಕೇ. ಎಬಿ ಕೇಬಲ್ ನಿಲ್ಲಲು ಅದು ಬೇಕು, ಬೀದಿದೀಪಕ್ಕೂ ಬೇಕು.

ನೆಲದಡಿಗೆ ಯಾಕೆ?

ಕಂಬದ ಹಳೇ ತಂತಿಗೆ ಹೊದಿಕೆ ಇರುವುದಿಲ್ಲ. ಅಲ್ಯೂಮಿನಿಯಂ ಎಳೆಗಳ ನಡುವೆ ಬಲಕ್ಕೊಂದು ಉಕ್ಕಿನ ಎಳೆ, ಅಷ್ಟೇ. ಇವುಗಳಿಗೆ ಬ್ರಿಟಿಷರ ಕಾಲದಿಂದ ಬಂದ ಪ್ರಾಣಿಗಳ ಹೆಸರಿದೆ: ಸಣ್ಣದು ಸ್ಕ್ವಿರಲ್, ಅದಕ್ಕಿಂತ ದಪ್ಪದವು ವೀಸೆಲ್, ರ್‍ಯಾಬಿಟ್. ಎಚ್‌ಟಿ ಲೈನಿನ ಕೆಲಸ ಮಾಡುವವರು ‘ಇಲ್ಲಿಂದ ಅಲ್ಲಿಗೆ ರ್‍ಯಾಬಿಟ್ ಎಳೆದಿದೀವಿ’ ಎಂದರೆ ಗಾಬರಿಯಾಗಬೇಕಿಲ್ಲ. ತಂತಿಯಿಂದ ತಂತಿಯನ್ನು ಬೇರೆ ಇಡುವುದು ನಡುವಿನ ಗಾಳಿ. ಗಾಳಿ ಪುಕ್ಕಟೆ ಸಿಗುವ ಇನ್ಸುಲೇಟರ್, ಜೊತೆಗೆ ತಂತಿಯನ್ನು ತಣ್ಣಗೂ ಇಡುತ್ತದೆ. ಓವರ್‌ಹೆಡ್ ಲೈನು ಅಗ್ಗವಾಗಿರುವ ಗುಟ್ಟು ಇದೇ.

ಈ ವ್ಯವಸ್ಥೆ ಕೆಡುವುದು ಗಾಳಿಯ ಜಾಗಕ್ಕೆ ಬೇರೇನೋ ನುಗ್ಗಿದಾಗ. ಏಪ್ರಿಲ್–ಮೇ ತಿಂಗಳ ಸಂಜೆಯ ಮಳೆಗೆ ಮಲ್ಲೇಶ್ವರದ ಹಳೇ ಮರಗಳ ಕೊಂಬೆ ಬೀಳುತ್ತದೆ, ಫೀಡರ್ ಟ್ರಿಪ್ ಆಗುತ್ತದೆ, ಬಡಾವಣೆ ಪೂರ್ತಿ ಕತ್ತಲು. ಇದು ತೊಂದರೆ ಮಾತ್ರ. ತಂತಿ ಕಡಿದು ಬಿದ್ದರೆ ಪ್ರಾಣಕ್ಕೇ ಕುತ್ತು. 2023ರ ನವೆಂಬರ್ 19ರ ಬೆಳಗ್ಗೆ ಬೆಂಗಳೂರಿನ ಕಾಡುಗೋಡಿಯಲ್ಲಿ ಫುಟ್‌ಪಾತ್ ಮೇಲೆ ಬಿದ್ದಿದ್ದ ತಂತಿ ತುಳಿದು ಒಬ್ಬ ತಾಯಿ, ಅವರ ಒಂಬತ್ತು ತಿಂಗಳ ಮಗು ತೀರಿಕೊಂಡರು.

ಬಿದ್ದ ತಂತಿಯಲ್ಲಿ ಕರೆಂಟ್ ತಾನಾಗಿ ನಿಲ್ಲುವುದಿಲ್ಲವೇ ಎಂದು ಅನೇಕರು ಕೇಳುತ್ತಾರೆ. ಎಷ್ಟೋ ಸಲ ನಿಲ್ಲುತ್ತದೆ. ಆದರೆ ಸಬ್‌ಸ್ಟೇಷನ್ನಿನಲ್ಲಿ ಲೈನನ್ನು ತಾನಾಗಿ ಆರಿಸುವ ಸ್ವಿಚ್ಚು, ಅಂದರೆ ಬ್ರೇಕರ್, ನೋಡುವುದು ‘ಇದ್ದಕ್ಕಿದ್ದಂತೆ ಭಾರೀ ಕರೆಂಟ್ ಹರಿಯಿತೇ’ ಎಂಬುದನ್ನು. ಒಣ ನೆಲ, ಡಾಂಬರು, ಕಾಂಕ್ರೀಟ್ ಮೇಲೆ ಬಿದ್ದ ತಂತಿಯಿಂದ ಭೂಮಿಗೆ ಹರಿಯುವ ಕರೆಂಟ್ ಬಹಳ ಕಡಿಮೆ ಇರಬಹುದು. ಸಬ್‌ಸ್ಟೇಷನ್ನಿನ ಲೆಕ್ಕದಲ್ಲಿ ಅದು ಇನ್ನೂ ನಾಲ್ಕು ಮನೆಯ ಲೋಡ್ ಇದ್ದ ಹಾಗೆ ಕಾಣುತ್ತದೆ, ಬ್ರೇಕರ್ ಸುಮ್ಮನಿರುತ್ತದೆ, ತಂತಿ ಜೀವಂತವಾಗಿಯೇ ಬಿದ್ದಿರುತ್ತದೆ. ಬಿದ್ದ ತಂತಿ ಸತ್ತಿದೆ ಎಂದುಕೊಳ್ಳಬೇಡಿ ಎಂದು ಇಲಾಖೆ ಪದೇ ಪದೇ ಹೇಳುವುದು ಇದಕ್ಕೆ.

ಹಳೇ ಪೇಟೆಗಳಿಗೆ ಇನ್ನೂ ಒಂದು ಕಾರಣ ಇದೆ: ತೇರು. ರಥಬೀದಿಯಲ್ಲಿ ತೇರಿನ ಕಳಶ ತಂತಿಗಿಂತ ಎತ್ತರ. 2022ರ ಏಪ್ರಿಲ್ 27ರಂದು ತಮಿಳುನಾಡಿನ ತಂಜಾವೂರಿನ ಹತ್ತಿರ ಕಳಿಮೇಡು ಎಂಬ ಊರಲ್ಲಿ ತೇರು ಮೇಲಿನ ಎಚ್‌ಟಿ ಲೈನಿಗೆ ತಾಗಿ 11 ಜನ ಸತ್ತರು. ನಮ್ಮಲ್ಲಿ ಜಾತ್ರೆಯ ದಿನ ‘ಎಲ್‌ಸಿ’ ತೆಗೆದುಕೊಳ್ಳುವ ಪದ್ಧತಿ ಇದೆ. ಲೈನ್ ಕ್ಲಿಯರ್ ಎಂಬುದರ ಚಿಕ್ಕ ರೂಪ ಅದು: ಆ ಲೈನಿನಲ್ಲಿ ಕರೆಂಟ್ ನಿಲ್ಲಿಸಿದ್ದೇವೆ ಎಂದು ಸಬ್‌ಸ್ಟೇಷನ್ ಅಧಿಕೃತವಾಗಿ ಒಪ್ಪಿಗೆ ಕೊಡುವುದು. ಕರಗದ ರಾತ್ರಿ ಪಲ್ಲಕ್ಕಿಗಳು ಸಾಲುಗಟ್ಟುವ ಬೆಂಗಳೂರು ಪೇಟೆಯಂಥ ಕಡೆ, ಎತ್ತರದ ಲೈನು ಇಲ್ಲದಿದ್ದರೆ ಈ ತಲೆಬಿಸಿಯೂ ಇಲ್ಲ.

ಈ ಜಗಳ ಹೊಸದೇನಲ್ಲ. ತಂತಿ ನೆಲದಡಿ ಹಾಕಬೇಕೆಂದು ನ್ಯೂಯಾರ್ಕ್ 1884ರಲ್ಲೇ ಕಾನೂನು ಮಾಡಿತ್ತು, ಕಂಪನಿಗಳು ಕೇಳಲಿಲ್ಲ. 1888ರ ಹಿಮಪಾತಕ್ಕೆ ಕಂಬಗಳು ಉರುಳಿದವು. 1889ರಲ್ಲಿ ಲೈನ್‌ಮನ್ ಒಬ್ಬ ನಡುಹಗಲು ಜನರ ಕಣ್ಣೆದುರೇ ತಂತಿಗಳ ನಡುವೆ ಸತ್ತ. ಅದೇ ವರ್ಷ ಮೇಯರ್ ಕಂಬ ಕಡಿಸಲು ಹೊರಟರು.

ನೆಲದಡಿಯ ಕೇಬಲ್ ಹೇಗಿರುತ್ತದೆ

ಗಾಳಿ ಮಾಡುತ್ತಿದ್ದ ಎರಡು ಕೆಲಸವನ್ನೂ ಮಣ್ಣಿನೊಳಗೆ ಬೇರೆಯವರು ಮಾಡಬೇಕು. 11 ಕೆವಿ ಕೇಬಲನ್ನು ಅಡ್ಡ ಕೊಯ್ದರೆ ಮೂರು ಅಲ್ಯೂಮಿನಿಯಂ ತಿರುಳು ಕಾಣುತ್ತವೆ. ಪ್ರತಿಯೊಂದರ ಮೇಲೂ ತೆಳ್ಳಗಿನ ಕಪ್ಪು ಪದರ, ಅದರ ಮೇಲೆ ಎಕ್ಸ್‌ಎಲ್‌ಪಿಇ ಎಂಬ ಪ್ಲಾಸ್ಟಿಕ್‌ನ ದಪ್ಪ ಪದರ, ಮತ್ತೆ ಕಪ್ಪು ಪದರ, ತಾಮ್ರದ ಪಟ್ಟಿ. ಮೂರನ್ನೂ ಸೇರಿಸಿ ಸುತ್ತಿದ ಮೇಲೆ ಉಕ್ಕಿನ ಕವಚ, ಕೊನೆಗೆ ಹೊರಗಿನ ತೊಗಲು. ಹಾರೆಯ ಪೆಟ್ಟು ತಡೆಯುವುದು ಉಕ್ಕು, ವಿದ್ಯುತ್ತನ್ನು ಒಳಗೇ ಹಿಡಿದಿಡುವುದು ಎಕ್ಸ್‌ಎಲ್‌ಪಿಇ.

ಬಿಸಿಯ ವಿಚಾರ ಬೇರೆ. ಕಂಬದ ತಂತಿ ಗಾಳಿಗೆ ಕೂತವನ ಹಾಗೆ. ಮಣ್ಣಿನೊಳಗಿನದು ಕಂಬಳಿ ಹೊದ್ದು ಮಲಗಿದವನ ಹಾಗೆ. ಎಕ್ಸ್‌ಎಲ್‌ಪಿಇ ಕೇಬಲಿನ ತಿರುಳು ದಿನನಿತ್ಯದ ಬಳಕೆಯಲ್ಲಿ 90 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಒಂದೇ ಗುಂಡಿಯಲ್ಲಿ ನಾಲ್ಕೈದು ಕೇಬಲ್ ಒತ್ತಿ ಮಲಗಿಸಿದರೆ ಒಂದರ ಬಿಸಿ ಇನ್ನೊಂದಕ್ಕೆ ತಾಗಿ ಎಲ್ಲವೂ ಕಡಿಮೆ ಕರೆಂಟ್ ಹೊರಬೇಕಾಗುತ್ತದೆ. ಅದಕ್ಕೆ ಕಂಬದ ತಂತಿಗಿಂತ ದಪ್ಪ ಕೇಬಲ್ ಬೇಕು, ಅಂತರ ಬೇಕು, ಸುತ್ತ ಮರಳು ಬೇಕು. ಅಂತರ ಅಂದರೆ ಜಾಗ. ಕಿರಿದಾದ ಹಳೇ ರಸ್ತೆಯಲ್ಲಿ ಜಾಗದ ಜಗಳ ಇಲ್ಲಿಂದಲೇ ಶುರು.

ಇಳಿಸುವುದು ಎರಡು ಬಗೆ

ಒಂದು, ರಸ್ತೆಯುದ್ದಕ್ಕೂ ಕಾಲುವೆ ತೋಡುವುದು. ಭಾರತೀಯ ಮಾನಕದ ಪ್ರಕಾರ 11 ಕೆವಿ ಕೇಬಲ್ ಮೇಲೆ ಕನಿಷ್ಠ 90 ಸೆಂ.ಮೀ. ಮಣ್ಣಿರಬೇಕು, ಎಲ್‌ಟಿಗಾದರೆ 75. ಅಡಿಗೆ ಮರಳು, ಮೇಲೆ ಮತ್ತೆ ಮರಳು, ಅದರ ಮೇಲೆ ಇಟ್ಟಿಗೆ ಅಥವಾ ಕಾಂಕ್ರೀಟ್ ಹಲಗೆ, ಇನ್ನೂ ಮೇಲೆ ಎಚ್ಚರಿಕೆಯ ಪಟ್ಟಿ. ಮುಂದೊಂದು ದಿನ ಅಗೆಯುವವನಿಗೆ ಮೊದಲು ಇಟ್ಟಿಗೆ ಸಿಕ್ಕರೆ ಕೈ ತಡೆಯಲಿ ಎಂಬ ಲೆಕ್ಕ.

ಇನ್ನೊಂದು ಎಚ್‌ಡಿಡಿ, ರಸ್ತೆ ಅಗೆಯದೆ ಅಡ್ಡಕ್ಕೆ ಕೊರೆಯುವ ವಿಧಾನ. ಎರಡು ತುದಿಗೆ ಎರಡು ಗುಂಡಿ. ಒಂದು ಕಡೆಯಿಂದ ಯಂತ್ರ ಉಕ್ಕಿನ ಸರಳನ್ನು ಓರೆಯಾಗಿ ನೆಲಕ್ಕೆ ತಳ್ಳುತ್ತದೆ. ಸರಳಿನ ಮೂತಿಯಲ್ಲಿ ಸಣ್ಣ ರೇಡಿಯೊ ಸಾಧನ ಇರುತ್ತದೆ. ರಸ್ತೆಯ ಮೇಲೆ ಒಬ್ಬ ಕೈಯಲ್ಲಿ ಪೆಟ್ಟಿಗೆಯಂಥದ್ದು ಹಿಡಿದು ಹೆಜ್ಜೆ ಹೆಜ್ಜೆಗೂ ನಿಂತು ‘ಎಷ್ಟು ಆಳ, ಯಾವ ಕಡೆ’ ಎಂದು ಯಂತ್ರದವನಿಗೆ ಕೂಗಿ ಹೇಳುತ್ತಿರುತ್ತಾನೆ. ತೂತು ಕುಸಿಯದಂತೆ ಬೆಂಟೊನೈಟ್ ಎಂಬ ಜೇಡಿಯ ನೀರು ಹಾಯಿಸುತ್ತಾರೆ. ಆಚೆ ಗುಂಡಿಗೆ ಸರಳು ತಲುಪಿದ ಮೇಲೆ ಅದರ ತುದಿಗೆ ಅಗಲ ಮಾಡುವ ಹಲ್ಲು ಹಾಗೂ ಪ್ಲಾಸ್ಟಿಕ್ ಪೈಪನ್ನು ಕಟ್ಟಿ ವಾಪಸ್ ಎಳೆಯುತ್ತಾರೆ. ಆಮೇಲೆ ಆ ಪೈಪಿನೊಳಗೆ ಕೇಬಲ್. ಸಂಚಾರ ನಿಲ್ಲಿಸಬೇಕಿಲ್ಲ, ಅಂಗಡಿ ಮುಚ್ಚಬೇಕಿಲ್ಲ. ಊರಿನ ನಡುವೆ ಇದು ವರದಾನ ಅನ್ನಿಸುವುದು ಸಹಜ.

ಕೈಯಲ್ಲಿ ಪೆಟ್ಟಿಗೆ ಹಿಡಿದವನಿಗೆ ತನ್ನ ಸರಳು ಎಲ್ಲಿದೆ ಎಂದು ಗೊತ್ತಾಗುತ್ತದೆ. ಆ ಸರಳಿನ ಎದುರಿಗೆ ಏನಿದೆ ಎಂಬುದು ಮಾತ್ರ ಆ ಪೆಟ್ಟಿಗೆಗೆ ಕಾಣುವುದಿಲ್ಲ. ಕುಡಿಯುವ ನೀರಿನ ಪೈಪು, ಒಳಚರಂಡಿ, ಗ್ಯಾಸ್ ಲೈನು, ಯಾರದೋ ಫೈಬರ್.

ಹಳೇ ಬೀದಿಯ ಹೊಟ್ಟೆಯಲ್ಲಿ

ನನ್ನ ಲೆಕ್ಕದಲ್ಲಿ ಈ ಇಡೀ ಕೆಲಸದಲ್ಲಿ ಅತಿ ಕಷ್ಟದ ಭಾಗ ಇದೇ, ಸುದ್ದಿಯಲ್ಲಿ ಅತಿ ಕಡಿಮೆ ಬರುವುದೂ ಇದೇ. ಕೇಬಲ್ ಕಾರ್ಖಾನೆಯಿಂದ ಬರುತ್ತದೆ, ಯಂತ್ರ ಬಾಡಿಗೆಗೆ ಸಿಗುತ್ತದೆ. ನೆಲದೊಳಗೆ ಏನಿದೆ ಎಂಬ ಮಾಹಿತಿ ದುಡ್ಡು ಕೊಟ್ಟರೂ ಸುಲಭಕ್ಕೆ ಸಿಗದು.

ಬೆಂಗಳೂರನ್ನೇ ನೋಡಿ. ಹೆಸರಘಟ್ಟದ ನೀರು ಊರಿಗೆ ಬಂದದ್ದು 1890ರ ದಶಕದಲ್ಲಿ. ಪ್ಲೇಗು ಬಂದು ಪೇಟೆಯಿಂದ ಜನ ಹೊರಗೆ ಹರಡಿದ ಕಾಲಕ್ಕೆ, 1898ರ ಹೊತ್ತಿಗೆ, ಬಸವನಗುಡಿ, ಮಲ್ಲೇಶ್ವರ ರೂಪುಗೊಂಡವು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಯಲ್ಲಿ ದೀಪ ಹತ್ತಿತು. ಆಮೇಲೆ ಒಳಚರಂಡಿ, ಟೆಲಿಫೋನು, ಕಾವೇರಿ ನೀರು, ಕೇಬಲ್ ಟಿವಿ, ಫೈಬರ್, ಗ್ಯಾಸ್. ಒಬ್ಬೊಬ್ಬರು ಒಂದೊಂದು ಕಾಲದಲ್ಲಿ ತಮ್ಮ ತಮ್ಮ ಅಳತೆಗೆ ಅಗೆದು ಮುಚ್ಚಿದರು. ರಸ್ತೆಯ ಮಟ್ಟವೂ ಡಾಂಬರಿನ ಮೇಲೆ ಡಾಂಬರು ಬಿದ್ದು ಏರಿದೆ. ಹಾಗಾಗಿ ಹಳೇ ಕಡತದಲ್ಲಿ ‘ಮೂರಡಿ ಆಳ’ ಎಂದಿದ್ದರೆ ಯಾವ ನೆಲದಿಂದ ಮೂರಡಿ ಎಂಬ ಪ್ರಶ್ನೆ ಏಳುತ್ತದೆ.

ಕಾಶಿಯಲ್ಲಿ ಇದು ಇನ್ನೂ ಢಾಳಾಗಿ ಕಂಡಿತು. ಕೇಂದ್ರ ಸರ್ಕಾರದ ಐಪಿಡಿಎಸ್ ಯೋಜನೆಯಡಿ ಅಲ್ಲಿನ ಹಳೇ ಊರಿನ ಸುಮಾರು 16 ಚದರ ಕಿ.ಮೀ. ಪ್ರದೇಶದಲ್ಲಿ ಪವರ್‌ಗ್ರಿಡ್ ಸಂಸ್ಥೆ ನೆಲದಡಿ ಕೇಬಲ್ ಹಾಕಿತು. ಮಂಜೂರಾದ ಹಣ 432 ಕೋಟಿ ರೂಪಾಯಿ, ಮುಖ್ಯ ಕೆಲಸ 2017ರ ಕೊನೆಗೆ ಮುಗಿಯಿತು. ಜಂಗಮವಾಡಿ ಮಠಕ್ಕೋ ಹನುಮಾನ್ ಘಾಟಿನ ಕಡೆಗೋ ಹೋಗಿಬಂದ ಕನ್ನಡಿಗರಿಗೆ ಆ ಗಲ್ಲಿಗಳ ಅಗಲ ಗೊತ್ತು: ಎದುರಿಗೆ ಒಂದು ಹಸು ಬಂದರೆ ನಾವು ಯಾರದಾದರೂ ಮನೆ ಮೆಟ್ಟಿಲು ಹತ್ತಬೇಕು. ನೀರು, ಚರಂಡಿ, ಟೆಲಿಫೋನ್ ಎಲ್ಲಿದೆ ಎಂಬ ನಂಬುವಂಥ ನಕ್ಷೆ ಇರಲಿಲ್ಲ. ಅಗೆಯುವಾಗ ಬೇರೆಯವರ ಪೈಪು, ತಂತಿ ಕಡಿಯುವುದು, ನಿಂತು ಸರಿಮಾಡುವುದು, ಮುಂದೆ ಹೋಗುವುದು, ಹೀಗೆ ಸಾಗಿತು.

ಇದಕ್ಕೆ ಉಪಾಯ ಇಲ್ಲವೆಂದೇನಲ್ಲ. ಕೈಗಾಡಿಯ ಹಾಗೆ ನೆಲದ ಮೇಲೆ ತಳ್ಳಿಕೊಂಡು ಹೋಗುವ ರಡಾರ್ ಇದೆ. ಒಳಗಿನ ಪೈಪಿಗೆ ತಾಗಿ ಮರಳುವ ಅಲೆಯಿಂದ ಅಂದಾಜು ಕೊಡುತ್ತದೆ. ಒದ್ದೆ ಜೇಡಿಮಣ್ಣಿನಲ್ಲಿ ಅದರ ಕಣ್ಣು ಮಂಜು. ಕೊನೆಗೆ ನಂಬಬೇಕಾದ್ದು ಕೈಯಿಂದ ಅಲ್ಲಲ್ಲಿ ತೋಡಿ ನೋಡುವ ಪರೀಕ್ಷಾ ಗುಂಡಿಯನ್ನೇ. ನಿಧಾನದ ಕೆಲಸ, ಬಿಲ್ಲಿನಲ್ಲಿ ಚೆನ್ನಾಗಿ ಕಾಣುವುದಿಲ್ಲ, ಆದ್ದರಿಂದ ಮೊದಲು ಕತ್ತರಿ ಬೀಳುವುದು ಇದಕ್ಕೆ.

ಮಲ್ಲೇಶ್ವರ, ಬಸವನಗುಡಿಗೆ ಒಂದು ವಿಶೇಷ ಅನುಕೂಲ ಇದೆ. ಮನೆಗಳ ಹಿತ್ತಿಲಲ್ಲಿ ಓಡುವ ಕನ್ಸರ್ವೆನ್ಸಿ ಲೇನ್‌ಗಳು. ಮಲ ಸಾಗಿಸುವ ಪದ್ಧತಿ ಇದ್ದ ಕಾಲಕ್ಕೆ ಮಾಡಿದ ಓಣಿಗಳಿವು. ಮೇಲೆ ವಾಹನ ಸಂಚಾರ ಕಡಿಮೆ, ಎರಡೂ ಬದಿಯ ಮನೆಗೂ ಹತ್ತಿರ. ಕೇಬಲ್‌ಗೆ ಹೇಳಿ ಮಾಡಿಸಿದ ದಾರಿ ಅನ್ನಿಸುತ್ತದೆ. ಆದರೆ ಅನೇಕ ಓಣಿಗಳ ಅಡಿಯಲ್ಲಿ ಒಳಚರಂಡಿ ಮೊದಲೇ ಮಲಗಿದೆ, ಕೆಲವು ಕಡೆ ಕಾಂಪೌಂಡುಗಳು ಓಣಿಯೊಳಗೆ ಬಂದು ಕೂತಿವೆ.

ಇನ್ನು ಮರ. ಕೊಂಬೆಯ ಕಾಟ ತಪ್ಪಲೆಂದು ತಂತಿ ಕೆಳಗಿಳಿಸುತ್ತೇವೆ. ಕಾಲುವೆ ತೋಡುವಾಗ ಅದೇ ಮರದ ಬೇರು ಕಡಿಯುತ್ತೇವೆ. ಒಂದು ಬದಿಯ ದಪ್ಪ ಬೇರು ಹೋದ ಮರ ಮುಂದಿನ ಬಿರುಗಾಳಿಗೆ ಬುಡಸಮೇತ ಒರಗಬಹುದು. ಮರದ ಹತ್ತಿರ ಯಂತ್ರ ಬಿಟ್ಟು ಕೈಯಲ್ಲಿ ಅಗೆಯುವುದು ಅಥವಾ ಬೇರಿನ ಅಡಿಯಿಂದ ಕೊರೆದು ಹೋಗುವುದು ಇದಕ್ಕಿರುವ ದಾರಿ.

ಪೆಟ್ಟಿಗೆ ಎಲ್ಲಿಡುವುದು?

ತಂತಿ ನೆಲದಡಿ ಹೋದರೂ ಅದನ್ನು ತೆರೆಯುವ, ಮುಚ್ಚುವ ಸ್ವಿಚ್ಚು ಮೇಲೇ ಇರಬೇಕು. ಫುಟ್‌ಪಾತ್ ಮೇಲೆ ಬೀರುವಿನಷ್ಟು ದೊಡ್ಡ ಲೋಹದ ಪೆಟ್ಟಿಗೆ ಕಂಡರೆ ಅದು ಹೆಚ್ಚಾಗಿ ಆರ್‌ಎಂಯು, ಅಂದರೆ ರಿಂಗ್ ಮೇನ್ ಯೂನಿಟ್. ನೆಲದಡಿಯ ಫೀಡರನ್ನು ಒಂದೇ ಎಳೆಯಾಗಿ ಬಿಡದೆ ಉಂಗುರದ ಹಾಗೆ ಎರಡೂ ತುದಿಯಿಂದ ಕರೆಂಟ್ ಸಿಗುವಂತೆ ಜೋಡಿಸುತ್ತಾರೆ. ನಡುವೆ ಎಲ್ಲೋ ಕೇಬಲ್ ಕೆಟ್ಟರೆ ಅದರ ಆಚೀಚೆಯ ಎರಡು ಪೆಟ್ಟಿಗೆಯಲ್ಲಿ ಸ್ವಿಚ್ ತೆಗೆದು ಆ ತುಂಡನ್ನು ಮಾತ್ರ ಬೇರ್ಪಡಿಸಿ, ಉಳಿದವರಿಗೆ ಇನ್ನೊಂದು ದಿಕ್ಕಿನಿಂದ ಕರೆಂಟ್ ಕೊಡಬಹುದು. ಬೆಂಗಳೂರಿನ ಯೋಜನೆಯಲ್ಲಿ ಇಂಥ ಸ್ವಯಂಚಾಲಿತ ಪೆಟ್ಟಿಗೆಗಳ ಲೆಕ್ಕ ಸುಮಾರು 1,700. ಜೊತೆಗೆ ಎಳೆದ ಫೈಬರಿನ ಒಂದು ಉಪಯೋಗ ಕಂಟ್ರೋಲ್ ರೂಮಿನಿಂದಲೇ ಇವುಗಳನ್ನು ನಡೆಸುವುದು.

ಟಿಸಿಯೂ ನೆಲದಡಿ ಹೋಗುವುದಿಲ್ಲ. ಕಂಬ ಉಳಿದ ಬೀದಿಯಲ್ಲಿ ಅದು ಕಂಬದ ಮೇಲೆಯೇ ಇರುತ್ತದೆ. ಕಂಬ ತೆಗೆಯುವುದಾದರೆ ನೆಲದ ಮೇಲೆ ಕಟ್ಟೆ, ಬೇಲಿ ಬೇಕು. ಅಗಲ ರಸ್ತೆಯಲ್ಲಿ ಇದು ನಡೆಯುತ್ತದೆ. ಚಿಕ್ಕಪೇಟೆ, ನಗರ್ತಪೇಟೆಯ ಗಲ್ಲಿಯಲ್ಲಿ ಯಾರ ಅಂಗಡಿ ಮುಂದೆ? ನಿವಾಸಿಗಳ ಜಗಳ ಬಹುಪಾಲು ಇಲ್ಲೇ ಹುಟ್ಟುತ್ತದೆ. ಮಳೆನೀರು ನಿಲ್ಲುವ ಜಾಗದಲ್ಲಿ ಪೆಟ್ಟಿಗೆಯನ್ನು ಎತ್ತರದ ಪೀಠದ ಮೇಲೆ ಇಡದಿದ್ದರೆ ಮೊದಲ ಪ್ರವಾಹಕ್ಕೆ ಅದೇ ಕೈಕೊಡುತ್ತದೆ.

ಜಪಾನಿನ ಕ್ಯೋಟೊದಲ್ಲಿ ಪೊಂಟೊಚೊ ಎಂಬ ಹಳೇ ಗಲ್ಲಿಯದೂ ಇದೇ ಸಂಕಟ. ಆಳವಾಗಿ ಅಗೆಯಲು ಜಾಗವಿಲ್ಲದ್ದಕ್ಕೆ ಸಣ್ಣ ಕಾಂಕ್ರೀಟ್ ತೊಟ್ಟಿಗಳನ್ನು ಮೇಲ್ಮಟ್ಟದಲ್ಲೇ ಹೂತು ಅದರೊಳಗೆ ಕೇಬಲ್ ಹಾಯಿಸಿದರು. ಪೆಟ್ಟಿಗೆಗೆ ರಸ್ತೆ ಸಾಲದೆ ಬದಿಯ ಖಾಸಗಿ ಜಾಗವನ್ನೂ ಕೇಳಬೇಕಾಯಿತು.

ಕೆಟ್ಟರೆ ಹುಡುಕುವುದು

ಕಂಬದ ಲೈನ್ ಕೆಟ್ಟರೆ ಪವರ್‌ಮ್ಯಾನ್ ಬೈಕಿನಲ್ಲಿ ಹೋಗುತ್ತಾ ತಲೆ ಎತ್ತಿ ನೋಡಿದರೆ ಸಾಕು. ಮಣ್ಣಿನೊಳಗಿನದಕ್ಕೆ ಬೇರೆ ಉಪಾಯ ಬೇಕು. ಮೊದಲು ಕೇಬಲಿನ ತುದಿಯಿಂದ ಒಂದು ಮಿಡಿತ ಕಳಿಸುತ್ತಾರೆ. ಕೆಟ್ಟ ಜಾಗಕ್ಕೆ ತಾಗಿ ಅದು ಮರಳಿ ಬರುವ ಸಮಯದಿಂದ ದೂರ ತಿಳಿಯುತ್ತದೆ. ಆ ಮಿಡಿತ ಬೆಳಕಿನ ಅರ್ಧಕ್ಕಿಂತ ತುಸು ಹೆಚ್ಚು ವೇಗದಲ್ಲಿ ಓಡುವುದರಿಂದ ಲೆಕ್ಕ ಮೈಕ್ರೊಸೆಕೆಂಡಿನದು. ಆಮೇಲೆ ಆ ಅಂದಾಜಿನ ಜಾಗದಲ್ಲಿ ನಿಂತು, ವ್ಯಾನಿನಿಂದ ಕೇಬಲಿಗೆ ಬಿಟ್ಟುಬಿಟ್ಟು ಹೆಚ್ಚಿನ ವೋಲ್ಟೇಜ್ ಹೊಡೆಸಿ, ಒಳಗೆ ಕಿಡಿ ಹಾರುವ ‘ಧಡ್’ ಸದ್ದನ್ನು ನೆಲಕ್ಕೆ ಮೈಕ್ ಇಟ್ಟು ಕೇಳುತ್ತಾರೆ. ಸದ್ದು ಜೋರಾದ ಕಡೆ ಅಗೆತ. ಸಂಚಾರದ ಗದ್ದಲದಲ್ಲಿ ಕೇಳಿಸದೆ ರಾತ್ರಿಗೆ ಕಾಯುವುದೂ ಉಂಟು.

ಸಿಕ್ಕ ಮೇಲೆ ಜಾಯಿಂಟ್. ಡ್ರಮ್ಮಿನಲ್ಲಿ ಬರುವುದು ಕೆಲವು ನೂರು ಮೀಟರ್ ಮಾತ್ರ, ಆದ್ದರಿಂದ ಹೊಸ ಲೈನಿನಲ್ಲೂ ಜಾಯಿಂಟ್‌ಗಳಿರುತ್ತವೆ. ಗುಂಡಿಯಲ್ಲಿ ಕೂತ ಜಾಯಿಂಟರ್ ಒಂದೊಂದೇ ಪದರ ಬಿಡಿಸಿ, ಕಪ್ಪು ಪದರವನ್ನು ಎಕ್ಸ್‌ಎಲ್‌ಪಿಇ ಮೇಲೆ ಗೀರು ಬೀಳದಂತೆ ಹೆರೆದು, ಒರೆಸಿ, ತಿರುಳನ್ನು ಜೋಡಿಸಿ ಒತ್ತಿ, ಬೆಂಕಿ ಹಿಡಿದರೆ ಕುಗ್ಗಿ ಅಪ್ಪುವ ಕೊಳವೆಗಳನ್ನು ಒಂದರ ಮೇಲೊಂದು ತೊಡಿಸುತ್ತಾನೆ. ಬೆವರಿನ ಹನಿ, ಮಣ್ಣಿನ ಕಣ ಒಳಗೆ ಸೇರಿದರೆ ಇವತ್ತಲ್ಲದಿದ್ದರೂ ಎರಡು ಮಳೆಗಾಲದ ಆಚೆಗೆ ಅಲ್ಲೇ ಸಿಡಿಯುತ್ತದೆ. ಒಟ್ಟಿನಲ್ಲಿ ನೆಲದಡಿಗೆ ಹೋದ ಮೇಲೆ ಕರೆಂಟ್ ಹೋಗುವುದು ಕಡಿಮೆ; ಕೇಬಲೇ ಕೆಟ್ಟಾಗ ರಿಪೇರಿಗೆ ಹಿಡಿಯುವ ಹೊತ್ತು ಹೆಚ್ಚು. ಉಂಗುರದ ಜೋಡಣೆ ಸರಿಯಾಗಿದ್ದರೆ ಆ ಹೊತ್ತು ಮನೆಯವರಿಗೆ ತಿಳಿಯುವುದೇ ಇಲ್ಲ.

ಉಳಿದ ಕಪ್ಪು ಜಡೆ

ಇಂಟರ್ನೆಟ್, ಕೇಬಲ್ ಟಿವಿ ತಂತಿಗಳನ್ನು ಇಳಿಸಲು ಬೇರೆ ಕಾನೂನು, ಬೇರೆ ಮಾಲೀಕರು. ರಸ್ತೆ ಬಳಸಿ ತಂತಿ ಎಳೆಯುವ ಅನುಮತಿಗೆ ದೇಶಕ್ಕೆಲ್ಲ ಅನ್ವಯವಾಗುವ ಹೊಸ ಟೆಲಿಕಾಂ ನಿಯಮ 2025ರ ಜನವರಿ 1ರಿಂದ ಜಾರಿಯಲ್ಲಿದೆ. ಆದರೆ ನೆಲದಡಿ ಅವರಿಗೆಂದು ಪೈಪು ಇಲ್ಲದಿದ್ದರೆ ಅನುಮತಿ ಕೊಟ್ಟು ಫಲವಿಲ್ಲ: ಒಂದೋ ಮರಕ್ಕೆ ಕಟ್ಟುತ್ತಾರೆ, ಇಲ್ಲವೇ ಮತ್ತೆ ಅಗೆಯುತ್ತಾರೆ. ಬೆಂಗಳೂರಿನಲ್ಲಿ ಟೆಂಡರ್‌ಶ್ಯೂರ್ ಎಂಬ ಯೋಜನೆಯಡಿ ಹೊಸದಾಗಿ ಮಾಡಿದ ರಸ್ತೆಗಳಲ್ಲಿ ಫುಟ್‌ಪಾತಿನ ಅಡಿ ನೀರು, ವಿದ್ಯುತ್, ಫೈಬರ್‌ಗೆ ಬೇರೆ ಬೇರೆ ದಾರಿ ಮೊದಲೇ ಬಿಟ್ಟದ್ದು ಇದಕ್ಕಾಗಿ. ರೆಸಿಡೆನ್ಸಿ ರಸ್ತೆ, ವಿಠ್ಠಲ್ ಮಲ್ಯ ರಸ್ತೆಯಂಥ ಕಡೆ ಅದನ್ನು ನೋಡಬಹುದು. ಅಂಥ ಫುಟ್‌ಪಾತಿಗೆ ಅಗಲ ಬೇಕು. ಪೇಟೆಯ ಗಲ್ಲಿಯಲ್ಲಿ ಫುಟ್‌ಪಾತೇ ಇಲ್ಲ.

ಎಲ್‌ಟಿಯೂ ನೆಲದಡಿ ಹೋಗುವ ಬೀದಿಯಾದರೆ ಮನೆಯವರಿಗೂ ಕೆಲಸ ಬರುತ್ತದೆ. ಹಳೇ ಹೆಂಚಿನ ಮನೆಗಳಲ್ಲಿ ಸರ್ವಿಸ್ ವೈರು ಸೂರಿನ ಹತ್ತಿರ ಒಳಗೆ ಬಂದು ಜಗಲಿಯ ಮೀಟರಿಗೆ ಇಳಿಯುತ್ತದೆ. ಇನ್ನು ಅದು ನೆಲದಿಂದ ಮೇಲೇರಬೇಕು. ಗೋಡೆಗೆ ಪೈಪು ಕೂರಿಸಬೇಕು, ಕೆಲವೊಮ್ಮೆ ಮೀಟರ್ ಜಾಗ ಬದಲಿಸಬೇಕು. ಈ ಖರ್ಚು ಯೋಜನೆಯಲ್ಲಿ ಸೇರಿದೆಯೋ ಮನೆಯವರ ಮೇಲೋ ಎಂಬುದನ್ನು ಗುಂಡಿ ಬೀಳುವ ಮೊದಲೇ ಸೆಕ್ಷನ್ ಆಫೀಸಿನಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ಕೇಬಲ್ ಹಾಕಿದ ಮೇಲೆ ಪರೀಕ್ಷೆ, ಆಮೇಲೆ ಚಾರ್ಜ್ (ಅಂದರೆ ಕರೆಂಟ್ ಬಿಡುವುದು), ಆಮೇಲೆ ಟಿಸಿಗಳನ್ನು ಹೊಸ ಲೈನಿಗೆ ಬದಲಿಸುವುದು, ಎಲ್ಲ ಮುಗಿದ ಮೇಲೆ ನೆತ್ತಿಯ ರ್‍ಯಾಬಿಟ್ ಬಿಚ್ಚುವುದು. ಫೀಡರ್ ಪೂರ್ತಿ ಬದಲಾಗುವವರೆಗೆ ಹಳೇ ತಂತಿ ಇರುತ್ತದೆ, ಅದರಲ್ಲಿ ಕರೆಂಟ್ ಕೂಡ ಇರಬಹುದು. ಕೇಬಲ್ ಹೋದ ದಾರಿಯಲ್ಲಿ ಗುರುತಿನ ಕಲ್ಲು ನೆಟ್ಟಿರುತ್ತಾರೆ, ನೆಟ್ಟಿರಬೇಕು. ಮನೆ ಮುಂದೆ ಸಂಪು, ಬೋರ್‌ವೆಲ್ ಅಥವಾ ಗಿಡದ ಗುಂಡಿ ತೋಡಿಸುವವರು ಹಾರೆ ಎತ್ತುವ ಮೊದಲು ಆ ಕಲ್ಲು ಹುಡುಕಿ. ಕಾಣದಿದ್ದರೆ ಬೆಸ್ಕಾಂನ 1912ಕ್ಕೆ ಫೋನ್ ಮಾಡಿ ಕೇಳಿ.